ಲಾರ್‌ನಿಂದ ಬಂದವನ ಜೋಳದ ಋಣ

ವಿಜಯಪುರದಿಂದ ತಿಕೋಟಾಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನು ಮಾತಿಗೆಳೆದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ. ಕಾಲ ಬಳಿ ಒಣದ್ರಾಕ್ಷಿ ತುಂಬುವ ಖಾಲಿ ರಟ್ಟಿನ ಡಬ್ಬಿಗಳ ಕಟ್ಟು.

"ಯಾವೂರಾತ್ರಿ ಸಾಹೇಬ್ರ?"

"ತಿಕೋಟಾರಿ."

"ಮೊದಲಿಂದ್ಲೂ ಅಲ್ಲಿಯವರ ಏನು?"

"ಇಲ್ರಿ, ನಮ್ಮ ಅಜ್ಜ ಬಬಲೇಶ್ವರದಿಂದ ಬಂದಿದ್ದರಂತ."

"ಅದಕ್ಕೂ ಮೊದಲ?"

ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಮಾತು ಶುರುವಾಗುವುದೇ ಊರು ಕೇಳುವುದರಿಂದ. ಆದರೂ ಆ ಮೂರನೆಯ ಪ್ರಶ್ನೆಗೆ ನಾವು ಸುಮ್ಮನಾದೆವು. ಬಬಲೇಶ್ವರಕ್ಕೂ ಹಿಂದಿನ ಊರು ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಮ್ಮಂಥ ಹೆಸರಿನವರಿಗೆ ಎಲ್ಲೋ ದೂರದಲ್ಲಿ, ಕಡಲಿನಾಚೆ, ಇನ್ನೊಂದು ಊರು ಇದ್ದೇ ಇರಬೇಕೆಂದು ಕೇಳುವವರು ಮೊದಲೇ ತೀರ್ಮಾನಿಸಿರುತ್ತಾರೆ.

ಅಷ್ಟರಲ್ಲಿ ತೊರವಿ ಬಂತು. ನರಸಿಂಹನ ಗುಡಿಯ ಊರು, ಕುಮಾರವಾಲ್ಮೀಕಿ ತೊರವೆ ರಾಮಾಯಣ ಬರೆದ ಊರು. ಇದೇ ತೊರವಿಯ ಆಸುಪಾಸಿನಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ರಾಜಧಾನಿಗೆ ಅಡಿಪಾಯ ಹಾಕಿದ್ದ. ಸಂಗೀತಕ್ಕೆ, ಕಾವ್ಯಕ್ಕೆ ಮೀಸಲಾದ ನಗರ ಅವನ ಕನಸಾಗಿತ್ತು. ತಾನು ಬರೆದ 'ಕಿತಾಬೆ ನವರಸ್'ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ ಸುಲ್ತಾನನವನು. ಇಂದು ಅಲ್ಲಿ ಉಳಿದಿರುವುದು ಸಂಗೀತ ಮಹಲಿನ ಎತ್ತರದ ಕಮಾನು, ಒಂದಿಷ್ಟು ಮುರುಕು ಗೋಡೆಗಳು, ಅವುಗಳ ಸುತ್ತ ಹಬ್ಬಿದ ಜಾಲಿ.

ಈ ನಗರವನ್ನು ಹಾಳು ಮಾಡಿದವರು ಯಾರು ಎಂದು ನಾವು ಅನೇಕರನ್ನು ಕೇಳಿದ್ದೇವೆ. ಕೆಲವರು ಮರಾಠರೆನ್ನುತ್ತಾರೆ, ಕೆಲವರು ಔರಂಗಜೇಬನೆನ್ನುತ್ತಾರೆ. ಪ್ರತಿಯೊಬ್ಬರ ಬಳಿಯೂ ತಮಗೆ ಬೇಡವಾದವರ ಹೆಸರೊಂದು ಸಿದ್ಧವಾಗಿರುತ್ತದೆ. ಚರಿತ್ರೆ ಹೇಳುವುದು ಬೇರೆ. 1624ರಲ್ಲಿ ನವರಸಪುರವನ್ನು ಲೂಟಿ ಮಾಡಿದ್ದು ಅಹಮದನಗರದ ಮಲಿಕ್ ಅಂಬರನ ಸೈನ್ಯ. ಅಂಬರ್ ಮುಸಲ್ಮಾನ. ಆಫ್ರಿಕಾದ ಹಬಶಿ ನಾಡಿನಿಂದ ಗುಲಾಮನಾಗಿ ಮಾರಾಟವಾಗಿ ಬಂದವನು. ಅವನನ್ನು ತಡೆಯಲು ಹೋಗಿ ಅದೇ ವರ್ಷ ರಣರಂಗದಲ್ಲಿ ಹತನಾದ ವಿಜಾಪುರದ ದಳಪತಿ ಮುಲ್ಲಾ ಮುಹಮ್ಮದ್ ಲಾರಿ. ಅವನೂ ಮುಸಲ್ಮಾನ. ಪರ್ಷಿಯಾದಿಂದ ಬಂದವನು. ಒಬ್ಬ ವಲಸಿಗ ನಮ್ಮ ಊರನ್ನು ಸುಟ್ಟ, ಇನ್ನೊಬ್ಬ ವಲಸಿಗ ಅದೇ ಊರಿಗಾಗಿ ಸತ್ತ. ಹೀಗಿರುವಾಗ 'ಹೊರಗಿನವರು' ಎಂಬ ಒಂದೇ ಮಾತಿನಲ್ಲಿ ನಾವು ಯಾರನ್ನು ಹೊಗಳುವುದು, ಯಾರನ್ನು ತೆಗಳುವುದು?

ಲಾರಿ ಎಂದರೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು ತಿಕೋಟಾದಿಂದ ಒಣದ್ರಾಕ್ಷಿ ಹೇರಿಕೊಂಡು ಹೋಗುವ ವಾಹನ. ನಾಲ್ಕು ನೂರು ವರ್ಷಗಳ ಹಿಂದೆ ಅದು ಒಂದು ಊರಿನ ಗುರುತಾಗಿತ್ತು. ಪರ್ಷಿಯಾದ ದಕ್ಷಿಣಕ್ಕೆ, ಕೊಲ್ಲಿಗೆ ಸಮೀಪದಲ್ಲಿ ಲಾರ್ ಎಂಬ ಪಟ್ಟಣವಿದೆ. ಬೆಳ್ಳಿಯ ತಂತಿಯನ್ನು ಮಡಿಚಿ ಮುದ್ರೆಯೊತ್ತಿದ ಅಲ್ಲಿಯ ನಾಣ್ಯಕ್ಕೆ ಊರಿನ ಹೆಸರೇ ಬಂದಿತ್ತು. ಕಡಲ ವ್ಯಾಪಾರದಲ್ಲಿ ಆ ನಾಣ್ಯ ಎಷ್ಟು ನಂಬಿಕೆ ಗಳಿಸಿತ್ತೆಂದರೆ ಮುಂದೆ ಎರಡನೆಯ ಅಲಿ ಆದಿಲ್‌ಶಾಹ ತನ್ನ ಹೆಸರಿನಲ್ಲೇ ಅಂಥ ತಂತಿನಾಣ್ಯಗಳನ್ನು ಹೊಡೆಸಿದ. ಲಾರ್‌ನಿಂದ ಬಂದ ನಾಣ್ಯ ನಮ್ಮದಾಯಿತು. ಲಾರ್‌ನಿಂದ ಬಂದ ಮನುಷ್ಯರೂ ಬಂದರು. ಬೆಳಗಾವಿಯ ಅಸದ್ ಖಾನ್ ಲಾರಿ ಅವರಲ್ಲೊಬ್ಬ. ಆದಿಲ್‌ಶಾಹಿಗಳ ದೊಡ್ಡ ಸರದಾರನಾಗಿ ಬಾಳಿ 1549ರಲ್ಲಿ ತೀರಿಕೊಂಡ ಅವನ ಗೋರಿ ಇಂದು ದರ್ಗಾ. ಹರಕೆ ಹೊತ್ತು ಅಲ್ಲಿಗೆ ಹೋಗುವವರು ಅವನು ಎಲ್ಲಿಂದ ಬಂದವನೆಂದು ವಿಚಾರಿಸುವುದಿಲ್ಲ.

ಹೀಗೆ ಬಂದವರನ್ನು ದಖ್ಖನಿನಲ್ಲಿ 'ಆಫಾಖಿ'ಗಳೆಂದು ಕರೆಯುತ್ತಿದ್ದರು. ದಿಗಂತದ ಆಚೆಯವರು ಎಂದು ಅರ್ಥ. ಇಲ್ಲಿ ಹುಟ್ಟಿ ಬೆಳೆದ ಮುಸಲ್ಮಾನರು 'ದಖನಿ'ಗಳು. ಇವರಿಬ್ಬರ ನಡುವಿನ ಜಗಳ ಬಹಮನಿಗಳ ಕಾಲದಿಂದಲೂ ಇತ್ತು. ನಮ್ಮವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆ ಹಿಂದೂ ಮುಸ್ಲಿಮರ ನಡುವೆ ಮಾತ್ರ ಹುಟ್ಟಿದ್ದಲ್ಲ. ಒಂದೇ ಮಸೀದಿಯ ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡಿದವರ ನಡುವೆಯೂ ಅದು ಕತ್ತಿಯಂತೆ ಆಡಿದೆ. ಒಂದನೆಯ ಇಬ್ರಾಹಿಂ ಆದಿಲ್‌ಶಾಹ 1534ರಲ್ಲಿ ಪಟ್ಟಕ್ಕೆ ಬಂದವನು ಆಫಾಖಿಗಳಲ್ಲಿ ಬಹುಪಾಲು ಜನರನ್ನು ಸೈನ್ಯದಿಂದ ಕಿತ್ತುಹಾಕಿದ. ಅವರಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟವನು ವಿಜಯನಗರದ ರಾಮರಾಯ. ಅವರು ಸಲಾಮು ಮಾಡುವಾಗ ಮನಸ್ಸಿಗೆ ಕಸಿವಿಸಿಯಾಗದಿರಲೆಂದು ರಾಮರಾಯ ತನ್ನ ಆಸನದ ಬಳಿ ಕುರ್‌ಆನ್ ಇರಿಸುತ್ತಿದ್ದನೆಂದು ಫೆರಿಸ್ತಾ ಬರೆದಿದ್ದಾನೆ. ವಿಜಾಪುರದಲ್ಲಿ ಕುಳಿತು ದಖ್ಖನಿನ ಚರಿತ್ರೆ ಬರೆದ ಈ ಫೆರಿಸ್ತಾ ಕೂಡ ಕಾಸ್ಪಿಯನ್ ಕಡಲಿನ ಬಳಿಯ ಅಸ್ತ್ರಾಬಾದಿನಿಂದ ಬಂದವನೇ.

ಮುಹಮ್ಮದ್ ಲಾರಿಯ ಹೆಸರಿನ ಮುಂದಿರುವ 'ಮುಲ್ಲಾ' ಎಂಬ ಮಾತು ಓದು ಬಲ್ಲವನೆಂಬುದರ ಗುರುತು. ಕಿತಾಬು ಹಿಡಿದ ಕೈ ದಖ್ಖನಿನಲ್ಲಿ ಕತ್ತಿಯನ್ನೂ ಹಿಡಿಯಿತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಅವನನ್ನು ಬಹಳ ಗೌರವಿಸುತ್ತಿದ್ದ. ಮಾತಿನಲ್ಲೂ ಬರಹದಲ್ಲೂ ಅವನನ್ನು 'ಮುಲ್ಲಾ ಬಾಬಾ' ಎಂದೇ ಕರೆಯಬೇಕೆಂದು ಆಜ್ಞೆಯಾಗಿತ್ತೆಂದು ಮೊಗಲ್ ಚರಿತ್ರೆಕಾರರು ಹೇಳುತ್ತಾರೆ. ಬಾಬಾ ಎಂದರೆ ಮನೆಯ ಹಿರಿಯ. ದಿಗಂತದ ಆಚೆಯಿಂದ ಬಂದವನಿಗೆ ಸುಲ್ತಾನ ಕೊಟ್ಟದ್ದು ಮನೆಯೊಳಗಿನ ಹೆಸರು.

ಆ ದಿನಗಳಲ್ಲಿ ಮೊಗಲ್ ಶಾಹಜಾದೆ ಖುರ್ರಂ, ಮುಂದೆ ಶಾಹಜಹಾನನಾದವನು, ತಂದೆ ಜಹಾಂಗೀರನ ವಿರುದ್ಧ ಬಂಡೆದ್ದಿದ್ದ. ಬಂಡುಕೋರ ಮಗನನ್ನು ಬೆನ್ನಟ್ಟಿ ಉತ್ತರಕ್ಕೆ ಹೋಗಬೇಕಾಗಿದ್ದ ಮೊಗಲ್ ದಳಪತಿ ಮಹಾಬತ್ ಖಾನನಿಗೆ ದಖ್ಖನಿನಲ್ಲಿ ಒಬ್ಬ ಗೆಳೆಯ ಬೇಕಾಗಿದ್ದ. ವಿಜಾಪುರ, ಅಹಮದನಗರ ಎರಡೂ ಕೈಚಾಚಿದವು. ಮಹಾಬತ್ ಖಾನ್ ವಿಜಾಪುರದ ಕೈ ಹಿಡಿದ. ಆ ಒಪ್ಪಂದದಂತೆ ಮುಲ್ಲಾ ಮುಹಮ್ಮದ್ ಲಾರಿ 5,000 ಕುದುರೆ ಸವಾರರೊಂದಿಗೆ ಬುರ್ಹಾನ್‌ಪುರಕ್ಕೆ ಹೋಗಿ ಮೊಗಲರ ಪರವಾಗಿ ಕಾವಲಿಗೆ ನಿಂತ. ವಿಜಾಪುರದ ಆಯ್ದ ಪಡೆ ಅಷ್ಟು ದೂರದಲ್ಲಿದ್ದುದನ್ನು ನೋಡಿ ಮಲಿಕ್ ಅಂಬರ್ ಇತ್ತ ನುಗ್ಗಿದ. ಇಬ್ರಾಹಿಂ ಕೋಟೆಯ ಬಾಗಿಲು ಹಾಕಿಸಿ ಒಳಗೆ ಕುಳಿತು ಲಾರಿಗೆ ಕರೆ ಕಳಿಸಿದ. ಲಾರಿ ಮೊಗಲ್ ಸರದಾರರನ್ನೂ ಜೊತೆಗೆ ಕರೆದುಕೊಂಡು ಹಿಂದಿರುಗಿದ.

ಅಂಬರ್ ಹಿಂದೆ ಸರಿದ. ಸರಿಯುತ್ತಲೇ ಮೊಗಲ್ ಸರದಾರರಿಗೆ ಹೇಳಿ ಕಳಿಸಿದ: ಇದು ನನಗೂ ಆದಿಲ್‌ಶಾಹನಿಗೂ ನಡುವಿನ ಹಳೆಯ ಗಡಿ ತಂಟೆ, ನೀವು ನಡುವೆ ಬರಬೇಡಿ, ನಮ್ಮ ಜಗಳ ನಾವು ತೀರಿಸಿಕೊಳ್ಳುತ್ತೇವೆ. ಯಾರೂ ಕೇಳಲಿಲ್ಲ. ಅಹಮದನಗರದ ಬಳಿಯ ಭಾತವಡಿ ಎಂಬ ಹಳ್ಳಿಯಲ್ಲಿ ಅಂಬರ್ ನೆಲೆ ನಿಂತ. ಕೆರೆಯ ಕಟ್ಟೆ ಒಡೆಸಿ ಶತ್ರುಗಳ ದಾರಿಯನ್ನು ಕೆಸರು ಮಾಡಿದ. ಆ ಕೆಸರಿನಲ್ಲಿ ಕುದುರೆಗಳು ಹೆಜ್ಜೆ ಕಿತ್ತಿಡಲಾರದಾದವು. ಪಾಳೆಯದಲ್ಲಿ ಕಾಳಿಗೂ ಮೇವಿಗೂ ತತ್ವಾರವಾಯಿತು. ಹಸಿದ ಸಿಪಾಯಿಗಳು ರಾತ್ರೋರಾತ್ರಿ ಅಂಬರನ ಕಡೆಗೆ ಹೋದರು. ಕೊನೆಗೆ ನಡೆದ ಕಾಳಗದಲ್ಲಿ ಮುಲ್ಲಾ ಮುಹಮ್ಮದ್ ಲಾರಿ ಹತನಾದ. ಅವನು ಬಿದ್ದದ್ದೇ ತಡ ವಿಜಾಪುರದ ಪಡೆ ಚೆದುರಿತು. ಮೊಗಲ್ ಸರದಾರರು ಸೆರೆಯಾದರು. ಅಂಬರನ ಕಡೆಯಲ್ಲಿ ಕಾದಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿ ಇದ್ದ. ಶಹಾಜಿಯ ತಮ್ಮ ಶರೀಫ್‌ಜಿ ಅದೇ ಕಾಳಗದಲ್ಲಿ ಮಡಿದ. ಕಾವಲಿಲ್ಲದ ನವರಸಪುರ ಲೂಟಿಯಾಯಿತು. ಸಂಗೀತಕ್ಕೆಂದು ಕಟ್ಟಿದ ಊರು ಮತ್ತೆ ಎದ್ದು ನಿಲ್ಲಲಿಲ್ಲ.

ಇಷ್ಟು ಕತೆ. ಇನ್ನು ಇದರೊಳಗಿನ ಪ್ರಶ್ನೆ.

ನಾವು ಉರ್ದು ಶಾಲೆಯಲ್ಲಿ ಕಲಿತ ಒಂದು ಮಾತು 'ನಮಕ್‌ಹಲಾಲ್'. ಉಪ್ಪುಂಡವನು ಉಪ್ಪಿಕ್ಕಿದವನಿಗೆ ಎರಡು ಬಗೆಯಬಾರದು. ಕನ್ನಡ ಶಾಲೆಗೆ ಬಂದಾಗ ಇದೇ ಮಾತು ಇನ್ನೊಂದು ರೂಪದಲ್ಲಿ ಸಿಕ್ಕಿತು. ಹಳೆಗನ್ನಡದಲ್ಲಿ ಅದಕ್ಕೆ 'ಜೋಳದ ಪಾಳಿ' ಎನ್ನುತ್ತಾರೆ. ಒಡೆಯನ ಮನೆಯ ಜೋಳ ಉಂಡವನು ಹೊತ್ತು ಬಂದಾಗ ಕಾದಿ ಆ ಋಣ ತೀರಿಸಬೇಕು. ಪಂಪನ ಕರ್ಣ ಈ ಧರ್ಮಕ್ಕೆ ಕಟ್ಟುಬಿದ್ದವನು. ತನ್ನ ಹುಟ್ಟು ಯಾವುದೆಂದು ಕೃಷ್ಣನಿಂದ ತಿಳಿದ ಮೇಲೂ ಅನ್ನ ಕೊಟ್ಟವನನ್ನು ಬಿಟ್ಟು ಹೋಗಲಿಲ್ಲ. ಹುಟ್ಟು ಒಂದು ಕಡೆ, ಋಣ ಇನ್ನೊಂದು ಕಡೆ ಎಳೆದಾಗ ಋಣವೇ ದೊಡ್ಡದೆಂದ. ನಮ್ಮ ನಾಡಿನ ವೀರಗಲ್ಲುಗಳೂ ಮುಖ್ಯವಾಗಿ ಹೇಳುವುದು ಸತ್ತವನು ಎಲ್ಲಿಂದ ಬಂದವನೆಂಬುದನ್ನಲ್ಲ, ಯಾವುದಕ್ಕಾಗಿ ಸತ್ತನೆಂಬುದನ್ನು. ತುರುಗಳಿಗಾಗಿ, ಹೆಣ್ಣುಮಕ್ಕಳ ಮಾನಕ್ಕಾಗಿ, ಊರಿಗಾಗಿ.

ಈ ಅಳತೆಯಲ್ಲಿ ಲಾರಿ ಜೋಳದ ಋಣ ತೀರಿಸಿದವನು. ಅದೂ ಡೋಣಿ ಸಾಲಿನ ಬಿಳಿಜೋಳದ ಋಣ. ಇಷ್ಟು ಹೇಳಿ ಈ ಲೇಖನ ಮುಗಿಸಬಹುದಿತ್ತು. ಹೊರಗಿನಿಂದ ಬಂದವನೂ ಈ ನೆಲಕ್ಕಾಗಿ ಸತ್ತ, ನೋಡಿ, ನಾವೂ ಈ ನೆಲದವರೇ ಎಂದು ಒಂದು ಹೆಮ್ಮೆಯ ಮಾತು ಸೇರಿಸಬಹುದಿತ್ತು. ಹಾಗೆ ಸೇರಿಸಲು ನಮ್ಮ ಮನಸ್ಸು ಒಪ್ಪುತ್ತಿಲ್ಲ. ಎರಡು ಕಾರಣಗಳಿವೆ.

ಮೊದಲನೆಯದು, ನಿಷ್ಠೆ ಒಳ್ಳೆಯ ಗುಣವೇ ಹೌದು, ಆದರೆ ಅದು ಎಲ್ಲ ಗುಣಗಳ ಮೇಲಿನ ಗುಣವಲ್ಲ. ಕರ್ಣನ ನಿಷ್ಠೆಯನ್ನು ಹೊಗಳುವ ನಾವೇ ಆ ನಿಷ್ಠೆ ಯಾರ ಪರವಾಗಿ ನಿಂತಿತೆಂದು ಮರುಗುತ್ತೇವೆ. ಲಾರಿ ಕಾದಿದ್ದು ನೆರೆಯ ದಖ್ಖನಿ ರಾಜ್ಯದ ವಿರುದ್ಧ, ಮೊಗಲರ ಪಕ್ಕದಲ್ಲಿ ನಿಂತು. ಅದೇ ಮೊಗಲರು ಅವನು ಸತ್ತ 62 ವರ್ಷಗಳಿಗೆ, 1686ರಲ್ಲಿ, ವಿಜಾಪುರವನ್ನೇ ನುಂಗಿದರು. ನಮ್ಮ ಜಗಳ ನಾವು ತೀರಿಸಿಕೊಳ್ಳುತ್ತೇವೆ ಎಂದ ಅಂಬರನ ಮಾತಿನಲ್ಲಿ ಸ್ವಾರ್ಥವಿತ್ತು, ಜೊತೆಗೆ ಸತ್ಯವೂ ಇತ್ತು. ಅದನ್ನು ಕಿವಿಗೆ ಹಾಕಿಕೊಳ್ಳುವುದು ಸುಲ್ತಾನನ ಕೆಲಸವಾಗಿತ್ತು. ದಳಪತಿ ಆಜ್ಞೆ ಪಾಲಿಸಿದ, ಸತ್ತ. ಸೃಷ್ಟಿಕರ್ತನಿಗೆ ಎದುರಾಗುವ ಕೆಲಸದಲ್ಲಿ ಯಾವ ಮನುಷ್ಯನ ಆಜ್ಞೆಯನ್ನೂ ಪಾಲಿಸಬೇಕಾಗಿಲ್ಲ ಎಂಬುದು ನಮ್ಮ ಧರ್ಮ ಕಲಿಸುವ ಪಾಠ. ಅಂದರೆ ಉಪ್ಪಿನ ಋಣಕ್ಕೂ ಒಂದು ಗಡಿಯಿದೆ. ಸಾವು ಸಾಯುವವನ ಧೈರ್ಯವನ್ನು ತೋರಿಸುತ್ತದೆ. ಅವನು ನಿಂತ ಪಕ್ಷ ನ್ಯಾಯದ್ದೆಂದು ಅದು ರುಜುವಾತು ಮಾಡಲಾರದು.

ಅಂಬರನನ್ನೇ ನೋಡಿ. ಅವನೂ ಒಂದು ಕಾಲಕ್ಕೆ ವಿಜಾಪುರದ ಜೋಳ ಉಂಡವನೇ. ಅವನನ್ನು ಕೊಂಡುಕೊಂಡಿದ್ದ ಅಹಮದನಗರದ ಪೇಶ್ವೆ ಚಂಗೇಜ್ ಖಾನ್ ಸತ್ತ ಮೇಲೆ ಅವನು ವಿಜಾಪುರಕ್ಕೆ ಬಂದು ಚಾಕರಿ ಮಾಡಿದ. 'ಮಲಿಕ್' ಎಂಬ ಬಿರುದು ಅವನಿಗೆ ಸಿಕ್ಕಿದ್ದು ಇಲ್ಲಿಯೇ ಎನ್ನುತ್ತಾರೆ. ಆಮೇಲೆ ಸುಮಾರು 150 ಸವಾರರೊಂದಿಗೆ ವಿಜಾಪುರ ಬಿಟ್ಟು ಅಹಮದನಗರಕ್ಕೆ ಹೋದ. ಉಪ್ಪಿನ ಲೆಕ್ಕದಲ್ಲಿ ನೋಡಿದರೆ ಅವನು ನಮ್ಮವರಿಗೆ ದ್ರೋಹಿ. ಆದರೆ ಇದೇ ಅಂಬರ್ ಕಾಲು ಶತಮಾನದ ಕಾಲ ಮೊಗಲರನ್ನು ದಖ್ಖನಿನ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನ ಮೈಬಣ್ಣ ಹಿಡಿದು ಬೈದ. ಅವನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡ. ಆ ಸೇಡು ಚಿತ್ರದಲ್ಲಷ್ಟೇ ತೀರಿತು. ಸುಮಾರು 80 ವರ್ಷ ಬಾಳಿ 1626ರಲ್ಲಿ ಅಂಬರ್ ತೀರಿಕೊಂಡಾಗ ಮೊಗಲ್ ಚರಿತ್ರೆಕಾರನೇ ಅವನನ್ನು ಹೊಗಳಿ ಬರೆಯಬೇಕಾಯಿತು. ಈಗ ಹೇಳಿ, ದಖ್ಖನಿಗೆ ನಿಷ್ಠರಾಗಿದ್ದವರು ಯಾರು? ದಖ್ಖನಿನ ಒಬ್ಬ ಸುಲ್ತಾನನಿಗಾಗಿ ಮೊಗಲರ ಜೊತೆ ನಿಂತು ಸತ್ತ ಲಾರಿಯೋ, ಒಡೆಯನನ್ನು ಬದಲಿಸಿ ದಖ್ಖನನ್ನು ಕಾದ ಅಂಬರನೋ? ನಾವು ಎಷ್ಟು ತೂಗಿದರೂ ತಕ್ಕಡಿ ಒಂದು ಕಡೆ ನಿಲ್ಲುವುದಿಲ್ಲ.

ಎರಡನೆಯ ಕಾರಣ ನಮಗೆ ಇನ್ನೂ ಹತ್ತಿರದ್ದು. ಹೊರಗಿನಿಂದ ಬಂದವನು ನಮ್ಮವನಾಗಬೇಕಾದರೆ ಅವನು ಸಾಯಲೇಬೇಕೇ?

ಹತ್ತಿರದ ಕಾಲದ ಒಂದು ಸಾವನ್ನು ನೋಡೋಣ. ಹುಮಾಯೂನ್ ಖಾನ್ 1976ರಲ್ಲಿ ಅರಬ್ ಎಮಿರೇಟ್ಸ್‌ನಲ್ಲಿ ಪಾಕಿಸ್ತಾನಿ ತಂದೆತಾಯಿಗಳಿಗೆ ಹುಟ್ಟಿದವನು. ಎಳೆಯ ವಯಸ್ಸಿನಲ್ಲೇ ಅಮೆರಿಕಕ್ಕೆ ಹೋಗಿ ಬೆಳೆದ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಸೈನ್ಯ ಸೇರಿ ಕ್ಯಾಪ್ಟನ್ ಆದ. 2004ರ ಜೂನ್ 8ರಂದು ಇರಾಕಿನ ಬಾಕುಬಾದಲ್ಲಿ ಸೈನ್ಯದ ನೆಲೆಯತ್ತ ಟ್ಯಾಕ್ಸಿಯೊಂದು ಬರುತ್ತಿತ್ತು. ಅನುಮಾನಗೊಂಡ ಅವನು ತನ್ನ ಸಿಪಾಯಿಗಳನ್ನು ಹಿಂದೆ ನಿಲ್ಲಿಸಿ ತಾನೊಬ್ಬನೇ ಮುಂದೆ ಹೋದ. ಟ್ಯಾಕ್ಸಿ ಸಿಡಿಯಿತು. ಆಗ ಅವನಿಗೆ 27 ವರ್ಷ. ಅರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದಲ್ಲಿ ಅವನ ಗೋರಿ ಇದೆ.

12 ವರ್ಷ ಕಳೆದವು. 2016ರ ಚುನಾವಣೆಗೆ ನಿಂತಿದ್ದ ಡೊನಾಲ್ಡ್ ಟ್ರಂಪ್ ಮುಸಲ್ಮಾನರನ್ನು ಅಮೆರಿಕದೊಳಗೆ ಬಿಡಬಾರದೆಂದು ಹೇಳಿದ್ದ. ಆ ಜುಲೈನಲ್ಲಿ ಫಿಲಡೆಲ್ಫಿಯಾದ ದೊಡ್ಡ ಸಭೆಯೊಂದರಲ್ಲಿ ಹುಮಾಯೂನನ ತಂದೆ ಖಿಝ್ರ್ ಖಾನ್ ವೇದಿಕೆ ಏರಿದರು. ಪಕ್ಕದಲ್ಲಿ ಸೆರಗು ಹೊದ್ದ ತಾಯಿ ಗಝಾಲಾ. ತಂದೆ ಜೇಬಿನಿಂದ ಅಮೆರಿಕದ ಸಂವಿಧಾನದ ಪುಟ್ಟ ಪುಸ್ತಕ ತೆಗೆದು ಎತ್ತಿ ಹಿಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಾಯಿ ಸುಮ್ಮನೆ ನಿಂತಿದ್ದುದನ್ನೇ ಹಿಡಿದು, ಆಕೆಗೆ ಮಾತಾಡಲು ಅನುಮತಿ ಇರಲಿಲ್ಲವೇನೋ ಎಂದು ಟ್ರಂಪ್ ಆಮೇಲೆ ಕೊಂಕು ನುಡಿದ. ಮಗನ ಚಿತ್ರ ಹಿಂದೆ ಕಾಣುತ್ತಿದ್ದಾಗ ಬಾಯಿಂದ ಮಾತು ಹೊರಡಲಿಲ್ಲವೆಂದು ಆ ತಾಯಿ ವಿವರಿಸಬೇಕಾಯಿತು.

ನಮ್ಮಲ್ಲಿ ಅನೇಕರು ಆ ಚಪ್ಪಾಳೆಯನ್ನು ಕೇಳಿ ಸಂತೋಷಪಟ್ಟೆವು. ಆದರೆ ಅದರೊಳಗೆ ಒಂದು ನೋವೂ ಇತ್ತು. ಆ ಮಗ ಬದುಕಿದ್ದು, ಎಲ್ಲೋ ವಕೀಲನಾಗಿಯೋ ಮಾಸ್ತರನಾಗಿಯೋ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರೆ ಆ ತಂದೆತಾಯಿಗಳ ಹಕ್ಕು ಕಡಿಮೆಯಾಗುತ್ತಿತ್ತೇ? ಹುಟ್ಟಿನಿಂದ ಬಂದವನ ದೇಶಪ್ರೀತಿಗೆ ಯಾರೂ ಚೀಟಿ ಕೇಳುವುದಿಲ್ಲ. ಬಂದು ಸೇರಿದವನು ಮಾತ್ರ ಗೋರಿಯನ್ನು ಚೀಟಿಯಾಗಿ ತೋರಿಸಬೇಕು. ಅವನು ಸತ್ತ ಯುದ್ಧ ನ್ಯಾಯದ್ದಾಗಿತ್ತೇ ಎಂದು ಕೇಳುವಷ್ಟು ಬಿಡುವೂ ಆ ತಂದೆತಾಯಿಗಳಿಗೆ ಸಿಗುವುದಿಲ್ಲ. ಆ ಪ್ರಶ್ನೆ ಎತ್ತಿದರೆ ಚೀಟಿಯ ಬೆಲೆ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ, ನಮ್ಮ ಬರಹಗಳಲ್ಲಿ ಈ ದೇಶಕ್ಕಾಗಿ ಮಡಿದ ಮುಸಲ್ಮಾನರ ಪಟ್ಟಿ ಓದುವುದು ನಮಗೆ ರೂಢಿಯಾಗಿಬಿಟ್ಟಿದೆ. ಮಡಿದವರನ್ನು ನೆನೆಯಬೇಕು, ಅದು ನಮ್ಮ ಕರ್ತವ್ಯ. ಆದರೆ ಪಟ್ಟಿ ಓದುವಾಗ ನಮ್ಮ ದನಿ ನೆನೆಯುವವರ ದನಿಯಾಗಿರುತ್ತದೆಯೇ, ಕಟಕಟೆಯಲ್ಲಿ ನಿಂತವರ ದನಿಯಾಗಿರುತ್ತದೆಯೇ? ನಾವು ಕತೆ ಬರೆಯುವವರು. ಲಾರಿಯ ಬಗ್ಗೆ ಮೊದಲು ಓದಿದಾಗ ನಮ್ಮ ಮನಸ್ಸಿನಲ್ಲೂ ಒಂದು ಹುತಾತ್ಮನ ಕತೆ ತಾನಾಗಿ ಕಟ್ಟಿಕೊಂಡಿತ್ತು. ಕೊನೆಯ ದೃಶ್ಯದಲ್ಲಿ ಅವನು ನವರಸಪುರವನ್ನು ನೆನೆದು ಕಣ್ಣು ಮುಚ್ಚುತ್ತಿದ್ದ. ಬರೆಯಲು ಕೂತಾಗ ನಾಚಿಕೆಯಾಯಿತು. ನಾವು ಅವನ ಸಾವನ್ನು ನಮ್ಮ ಅರ್ಜಿಗೆ ಲಗತ್ತಿಸಲು ಹೊರಟಿದ್ದೆವು. ಕತೆ ಅಲ್ಲಿಗೇ ನಿಂತಿತು.

ಇನ್ನೊಂದು ತಪ್ಪೂ ಇದೆ. ನಮ್ಮನ್ನು ಹೊರಗಿನವರೆಂದರೆ ನೋಯುವ ನಾವೇ, ಸಂಬಂಧ ಕೂಡಿಸುವ ಹೊತ್ತು ಬಂದಾಗ ನಮ್ಮ ಹಿರಿಯರು ಅರಬಸ್ತಾನದಿಂದ ಬಂದವರು, ಇರಾನಿನಿಂದ ಬಂದವರು ಎಂದು ಎದೆ ಉಬ್ಬಿಸುತ್ತೇವೆ. ಸೈಯದರೋ, ಪಠಾಣರೋ ಎಂದು ವಿಚಾರಿಸುತ್ತೇವೆ. ಇದೇ ನೆಲದಲ್ಲಿ ಹತ್ತಿ ಹಿಂಜಿ, ಕುರಿ ಕೊಯ್ದು, ನೂಲು ನೇಯ್ದು ಬಾಳಿದವರನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತೇವೆ. ಬಸ್ಸಿನಲ್ಲಿ ಆ ಹಿರಿಯರು ಕೇಳಿದ 'ಅದಕ್ಕೂ ಮೊದಲ?' ಎಂಬ ಪ್ರಶ್ನೆಯನ್ನು ನಮ್ಮ ನಡುಮನೆಯಲ್ಲಿ ನಾವೇ ದಿನವೂ ಕೇಳುತ್ತಿದ್ದೇವೆ. ಆಫಾಖಿ ದಖನಿ ಜಗಳ ಆದಿಲ್‌ಶಾಹಿಗಳ ಜೊತೆಗೆ ಮಣ್ಣಾಗಲಿಲ್ಲ.

ಮದೀನಾದಲ್ಲಿ ನಡೆದದ್ದನ್ನು ನೆನೆದರೆ ನಾವು ಎಷ್ಟು ದೂರ ಬಂದಿದ್ದೇವೆಂದು ತಿಳಿಯುತ್ತದೆ. 622ರಲ್ಲಿ ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರ್‌ಗಳನ್ನು ಮದೀನಾದ ಅನ್ಸಾರ್‌ಗಳೊಂದಿಗೆ ಪ್ರವಾದಿ ಮುಹಮ್ಮದ್(ಸ) ಒಬ್ಬೊಬ್ಬರನ್ನಾಗಿ ಜೋಡಿಸಿ ಅಣ್ಣತಮ್ಮಂದಿರನ್ನಾಗಿ ಮಾಡಿದರು. ಸಅದ್ ಬಿನ್ ರಬೀ(ರ) ತಮ್ಮ ಆಸ್ತಿಯಲ್ಲಿ ಅರ್ಧ ತೆಗೆದುಕೊಳ್ಳಿ ಎಂದಾಗ ವಲಸೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅದನ್ನು ನಯವಾಗಿ ಬೇಡವೆಂದು ಪೇಟೆಯ ದಾರಿ ತೋರಿಸಿ ಎಂದರು. ಕೊಡುವವನ ದೊಡ್ಡತನ ಒಂದು ಕಡೆ, ದುಡಿದು ತಿನ್ನುವೆನೆಂಬ ಬಂದವನ ಮಾನ ಇನ್ನೊಂದು ಕಡೆ. ಬದ್ರ್ ಕಾಳಗ ನಡೆದದ್ದು 624ರಲ್ಲಿ. ಅಂದರೆ ತಮ್ಮನೆಂದು ಒಪ್ಪಿಕೊಂಡದ್ದು ಮೊದಲು, ಕಾಳಗ ಬಂದದ್ದು ಆಮೇಲೆ. ನೀನು ಮೊದಲು ನಮಗಾಗಿ ಪ್ರಾಣ ಕೊಡು, ಆಮೇಲೆ ಮನೆಯೊಳಗೆ ಬಾ ಎಂದು ಅನ್ಸಾರ್‌ಗಳು ಹೇಳಲಿಲ್ಲ.

ಅದೇ ಮದೀನಾದಲ್ಲಿ ಪರ್ಷಿಯಾದ ಸಲ್ಮಾನ್(ರ) ಇದ್ದರು, ಹಬಶಿ ಬಿಲಾಲ್(ರ) ಇದ್ದರು. 627ರಲ್ಲಿ ಊರಿನ ಸುತ್ತ ಕಂದಕ ತೋಡುವ ಉಪಾಯ ಹೇಳಿದವರು ಸಲ್ಮಾನ್. ಅವರು ನಮ್ಮವರೆಂದು ಮುಹಾಜಿರ್‌ಗಳು, ಅಲ್ಲ ನಮ್ಮವರೆಂದು ಅನ್ಸಾರ್‌ಗಳು ಹೇಳಿಕೊಂಡಾಗ ಪ್ರವಾದಿಯವರು ಸಲ್ಮಾನರನ್ನು ತಮ್ಮ ಮನೆಯವರಲ್ಲೇ ಒಬ್ಬರೆಂದರು. ಸಲ್ಮಾನ್ ಆಗ ಬದುಕಿದ್ದರು, ಕೈಯಲ್ಲಿ ಗುದ್ದಲಿ ಇತ್ತು. ಆ ಪರ್ಷಿಯನ್ನರೂ ಈ ಹಬಶಿಯೂ ಒಂದೇ ಸಾಲಿನಲ್ಲಿ ನಮಾಝಿಗೆ ನಿಂತರು. ಸುಮಾರು ಒಂದು ಸಾವಿರ ವರ್ಷಗಳ ಮೇಲೆ ಭಾತವಡಿಯ ಕೆಸರಿನಲ್ಲಿ ಒಬ್ಬ ಪರ್ಷಿಯನ್ ಮತ್ತು ಒಬ್ಬ ಹಬಶಿ ಎರಡು ಬಾವುಟಗಳ ಕೆಳಗೆ ಎದುರುಬದುರು ನಿಂತರು. ಇಬ್ಬರನ್ನೂ ದಖ್ಖನು ಕರೆದದ್ದು ಕತ್ತಿಗಾಗಿ. ಗುದ್ದಲಿ ಹಿಡಿದು ಬನ್ನಿ ಎಂದು ಕರೆದಿದ್ದರೆ ನವರಸಪುರ ಉಳಿಯುತ್ತಿತ್ತೇನೋ.

ಈ ಪ್ರಶ್ನೆ ಮುಸಲ್ಮಾನರದ್ದು ಮಾತ್ರವೂ ಅಲ್ಲ. ಬರ ಬಿದ್ದ ವರ್ಷ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಜನ ಗೋವಾಕ್ಕೆ, ಮಹಾರಾಷ್ಟ್ರಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಗೋವಾದಲ್ಲಿ ಅವರಿಗೆ ಸಿಗುವ ಹೆಸರು 'ಘಾಂಟಿ', ಘಟ್ಟದ ಮೇಲಿನವನು. ಆಫಾಖಿ ಎಂಬ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ರಸ್ತೆಗೆ ಡಾಂಬರು ಹಾಕಿ, ಗಿಲಾವು ಮಾಡಿ, ಮೀನು ಹೊತ್ತು ಇಪ್ಪತ್ತು ವರ್ಷ ಬಾಳಿದ ನಮ್ಮ ಲಿಂಗಾಯತರ, ಕುರುಬರ, ಲಂಬಾಣಿಗರ, ಮುಸಲ್ಮಾನರ ಮಕ್ಕಳು ಯಾವ ಕಾಳಗದಲ್ಲಿ ಸತ್ತು ತಾವು ಆ ಊರಿನವರೆಂದು ತೋರಿಸಬೇಕು? ಅವರು ಹಾಕಿದ ರಸ್ತೆ ಸಾಲದೇ?

ತೊರವಿ ದಾಟಿ ಬಸ್ಸು ಮುಂದೆ ಹೋಯಿತು. ಎರಡೂ ಕಡೆ ಎರೆಮಣ್ಣಿನ ಹೊಲ. ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ದ್ರಾಕ್ಷಿಯ ಚಪ್ಪರ. ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ, ಅಂಬರನ ಪೂರ್ವಿಕರ ಸೀಮೆಯಲ್ಲಿ. ಅದು ಇತ್ತ ಬಂದು ಸಾವಿರಾರು ವರ್ಷಗಳಾದವು. ದ್ರಾಕ್ಷಿ ಪಶ್ಚಿಮ ಏಷ್ಯಾದ ಬಳ್ಳಿ, ಲಾರಿಯ ದಿಕ್ಕಿನಿಂದ ಬಂದದ್ದು. ನಾವು ಋಣದ ಗುರುತೆಂದು ಹೇಳುವ ಜೋಳವೇ ಒಂದು ಕಾಲಕ್ಕೆ ಬಂದು ಸೇರಿದ್ದು! ಬಿತ್ತಿದ ಮೇಲೆ ಮಣ್ಣು ಅದನ್ನು 'ಅದಕ್ಕೂ ಮೊದಲ?' ಎಂದು ಕೇಳಲಿಲ್ಲ. ಬೇರು ಹಿಡಿಯುತ್ತದೋ ಇಲ್ಲವೋ ಎಂದಷ್ಟೇ ನೋಡಿತು.

ಈ ಮಾತನ್ನು ಪಕ್ಕದ ಹಿರಿಯರಿಗೆ ಹೇಳಿದೆವು. ಅವರು ಕಿಟಕಿಯಾಚೆ ಒಂದಿಷ್ಟು ಹೊತ್ತು ನೋಡಿದರು.

"ಹಂಗಂದ್ರ ನಾವೂ ಬಂದವರ ಬಿಡ್ರಿ. ನಮ್ಮ ಮುತ್ತ್ಯಾನ ಮುತ್ತ್ಯಾ ಜತ್ತ ಕಡಿಂದ ಬಂದನಂತ, ದೊಡ್ಡ ಬರದಾಗ. ಯಾರೋ ಒಂದ್ ಚೀಲ ಜೋಳಾ ಕೊಟ್ಟ ಉಳಿಸಿದ್ರಂತ."

"ಯಾರು ಕೊಟ್ಟದ್ದು?"

"ಯಾಂವಗ ಗೊತ್ತ್ರಿ. ಹೆಸರ ಯಾರೂ ಹೇಳಲಿಲ್ಲ. ಕೊಟ್ಟದ್ದಷ್ಟ ಹೇಳ್ಕೋತ ಬಂದಾರ."

ತಿಕೋಟಾ ಬಂತು. ಡಬ್ಬಿಗಳ ಕಟ್ಟಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾವು ಹಿಡಿದೆವು. ಇಬ್ಬರೂ ಇಳಿದೆವು.